ಪರದೆ ಎಳೆದು ಪ್ರಾರ್ಥಿಸುವವರು ಮತ್ತು ನೋಡುತ್ತ ನಿಂತ ನಾವು

ಭಾನುವಾರ ಬೆಳಿಗ್ಗೆ ಹತ್ತೂವರೆ. ಘಟಪ್ರಭೆಯ ದಂಡೆಯ ನಮ್ಮ ಕಡೆಯ ಒಂದು ಊರು. ಊರಿನ ಹೆಸರು ಬೇಡ, ಯಾಕೆ ಬೇಡ ಎಂಬುದು ಬರಹ ಮುಗಿಯುವಷ್ಟರಲ್ಲಿ ನಿಮಗೇ ತಿಳಿಯುತ್ತದೆ. ಓಣಿಯ ಕೊನೆಯ ತಗಡಿನ ಮನೆಯಲ್ಲಿ ಹತ್ತೋ ಹನ್ನೆರಡೋ ಜನ ಚಾಪೆ ಹಾಸಿಕೊಂಡು ಕೂತಿದ್ದಾರೆ. ಕಿಟಕಿಗೆ ಹಳೇ ಸೀರೆಯ ಪರದೆ. ಬಾಗಿಲ ಬಳಿ ಒಬ್ಬ ಹುಡುಗ ಕೂತಿದ್ದಾನೆ, ಅವನಿಗೆ ಹಾಡುವ ಕೆಲಸ ಇಲ್ಲ, ಓಣಿ ನೋಡುತ್ತಿರುವುದೇ ಕೆಲಸ. ಒಳಗಿನವರು ಹಾಡುತ್ತಿದ್ದಾರೆ. ಆದರೆ ಪಕ್ಕದ ಮನೆಯ ಮಿಕ್ಸರ್ ತಿರುಗಿದರೆ ಅವರ ಹಾಡು ಕೇಳುವುದಿಲ್ಲ.

ಈ ಮನೆಯ ಆಯಿಯನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಅವಳ ದನಿ ಮೂರು ಹೊಲ ದಾಟುತ್ತಿತ್ತು. ಹೊರಗೆ ಬಂದಾಗ ಕೇಳಿದೆ, "ಯಾಕ್ ಆಯಿ, ದನಿ ಇಷ್ಟ್ ಸಣ್ಣ ಮಾಡೀರಿ?"

"ದೇವರ ಕಿವಿ ಚುರುಕ ಅದಾವೋ ಯಪ್ಪಾ, ಸಣ್ಣಗ ಅಂದ್ರೂ ಕೇಳಸ್ತೈತಿ. ಈ ಓಣ್ಯಾಗಿನ ಹುಡುಗೂರ ಕಿವೀನೂ ಅಷ್ಟ ಚುರುಕ ಆಗ್ಯಾವ, ಅದಕ್ಕ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ "ಓಣ್ಯಾಗಿನ ಹುಡುಗೂರು" ನನ್ನ ಜೊತೆ ಶಾಲೆ ಕಲಿತವರು.

ನಾನು ಮಸಗುಪ್ಪಿಯವನು. ಕ್ರೈಸ್ತನಲ್ಲ. ಮನೆಯಲ್ಲಿ ಸೋಮವಾರ ಮೊಟ್ಟೆ ಸಹ ಬೇಯಿಸುವುದಿಲ್ಲ. ಆದ್ದರಿಂದ ಇದು ನನ್ನ ಧರ್ಮದ ಪರವಾಗಿ ಬರೆದ ವಕಾಲತ್ತು ಅಲ್ಲ. ಪತ್ರಿಕೋದ್ಯಮ ಕಲಿತು ಊರಿಗೆ ಮರಳಿದ ನನ್ನಂಥವರ ಮೇಲೆ, ನನ್ನ ಊರಿನವರ ಮೇಲೆ, ಮತ್ತು "ಪಾಪ" ಎಂದು ತಲೆ ಅಲ್ಲಾಡಿಸಿ ಮುಂದೆ ಹೋಗುವ ಒಳ್ಳೆಯ ಜನರ ಮೇಲೆ ನನಗಿರುವ ಸಿಟ್ಟು ಇದು.

ನನ್ನಿಂದಲೇ ಶುರು ಮಾಡುತ್ತೇನೆ

ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಊರಿನಲ್ಲಿ ಪ್ರಾರ್ಥನೆಗೆ ಕೂತವರನ್ನು ಕೆಲವರು ಎಬ್ಬಿಸಿ ಹೊರಗೆ ಹಾಕಿದ್ದರು. ಒಬ್ಬನ ಕೆನ್ನೆ ಊದಿತ್ತು. ಇಬ್ಬರನ್ನೂ ಮಾತಾಡಿಸಿ, ಠಾಣೆಗೆ ಹೋಗಿ ಬಂದು, "ಪ್ರಾರ್ಥನೆ ವೇಳೆ ಹಲ್ಲೆ" ಎಂದು ಶೀರ್ಷಿಕೆ ಬರೆದು ಕಳಿಸಿದೆ. ಮೇಜಿನ ಆಚೆ ಕೂತವರು ಫೋನ್ ಮಾಡಿದರು: "ತಮ್ಮಾ, ಹಲ್ಲೆ ಅಂತ ಹಾಕಿದ್ರ ಯಾರ್ ಓದ್ತಾರ? ಮತಾಂತರ ಅಂತ ಹಾಕು." ಮರುದಿನ ಪತ್ರಿಕೆಯಲ್ಲಿ ಬಂದದ್ದು: "ಮತಾಂತರ ಯತ್ನ: ಗ್ರಾಮಸ್ಥರ ಆಕ್ರೋಶ."

ಆ ನಾಲ್ಕು ಪದಗಳನ್ನು ಒಮ್ಮೆ ಬಿಡಿಸಿ ನೋಡಿ. ಮತಾಂತರ ನಡೆದಿತ್ತು ಎಂದು ಯಾರೂ ಸಾಬೀತು ಮಾಡಿರಲಿಲ್ಲ, ಅದು ಹೊಡೆದವರ ಆರೋಪ. ಅದು ಶೀರ್ಷಿಕೆಯಲ್ಲಿ ಸಂಗತಿಯಾಗಿ ಕೂತಿತು. ಹೊಡೆದವರು ಎಂಟೋ ಹತ್ತೋ ಜನ. ಅವರು "ಗ್ರಾಮಸ್ಥರು" ಆದರು. ಹಾಗಾದರೆ ಪೆಟ್ಟು ತಿಂದವನು ಯಾವ ಗ್ರಾಮದವನು? ಅವನ ರೇಷನ್ ಕಾರ್ಡು, ಅವನ ಅಪ್ಪನ ಗೋರಿ ಅದೇ ಊರಿನಲ್ಲಿದೆ. ಇನ್ನು ಹೊಡೆತಕ್ಕೆ "ಆಕ್ರೋಶ" ಎಂಬ ಗೌರವದ ಹೆಸರು ಸಿಕ್ಕಿತು. ಊದಿದ ಕೆನ್ನೆ ಮಾತ್ರ ಸುದ್ದಿಯಿಂದಲೇ ಮಾಯ.

ನಾನು ಜಗಳ ಮಾಡಲಿಲ್ಲ. ಪ್ರೊಬೇಷನ್ ಮುಗಿದಿರಲಿಲ್ಲ. ಇದನ್ನು ಇಲ್ಲಿ ಒಪ್ಪಿಕೊಳ್ಳುತ್ತಿರುವುದು ಯಾಕೆಂದರೆ, ನಮ್ಮ ಕಡೆ ಕ್ರೈಸ್ತರ ಮೇಲೆ ಬೀಳುವ ಮೊದಲ ಏಟು ಕೋಲಿನದಲ್ಲ, ಶೀರ್ಷಿಕೆಯದು. ಕೋಲು ಹಿಡಿದವನಿಗೆ ಧೈರ್ಯ ಕೊಡುವುದೇ ಅದು.

2021ರ ಆ ಚಳಿಗಾಲ

ಮರೆತವರಿಗೆ ನೆನಪಿಸುತ್ತೇನೆ. 2021ರ ಡಿಸೆಂಬರ್. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ. ಉತ್ತರ ಕರ್ನಾಟಕದ ನೀರು, ಕಬ್ಬಿನ ಬಿಲ್ಲು, ನೆರೆ ಪರಿಹಾರ ಚರ್ಚೆಯಾಗಲಿ ಎಂದು ಕಟ್ಟಿದ ಮನೆ ಅದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ನಮ್ಮ ಮಸಗುಪ್ಪಿಗೆ ನುಗ್ಗಿದಾಗ ಬಿದ್ದ ಮನೆಗಳ ಲೆಕ್ಕ ಹಿಡಿದು ಜನ ಕಚೇರಿಯಿಂದ ಕಚೇರಿಗೆ ಅಲೆದಿದ್ದರು. ಆ ಮನೆಯಲ್ಲಿ ಡಿಸೆಂಬರ್ 21ರಂದು ಮಂಡನೆಯಾಗಿ 23ರಂದು ಅಂಗೀಕಾರವಾದದ್ದು ಮತಾಂತರ ನಿಷೇಧ ಮಸೂದೆ. ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು.

ಅಧಿವೇಶನಕ್ಕೂ ಮೊದಲೇ, ನವೆಂಬರಿನಲ್ಲಿ, ಬೆಳಗಾವಿ ನಗರದಲ್ಲಿ ನಡೆಯುತ್ತಿದ್ದ ಪ್ರಾರ್ಥನಾ ಸಭೆಯೊಂದಕ್ಕೆ ಗುಂಪು ನುಗ್ಗಿತ್ತು. ಅದಾದ ಮೇಲೆ ಪೊಲೀಸರು ಅಧಿವೇಶನ ಮುಗಿಯುವವರೆಗೆ ಪ್ರಾರ್ಥನಾ ಕೂಟ ಬೇಡ ಎಂದು ಪಾದ್ರಿಗಳಿಗೆ ಸಲಹೆ ಕೊಟ್ಟರು ಎಂದು ಪತ್ರಿಕೆಗಳು ವರದಿ ಮಾಡಿದವು. ಗಮನಿಸಿ, ನುಗ್ಗುವವರಿಗೆ ನುಗ್ಗಬೇಡಿ ಎನ್ನುವ ಬದಲು ಕೂರುವವರಿಗೆ ಕೂರಬೇಡಿ ಎಂದರು. ಡಿಸೆಂಬರ್ 11ರಂದು ಬೆಳಗಾವಿಯ ಸಂತ ಜೋಸೆಫ್ ಚರ್ಚ್ ಆವರಣದಲ್ಲಿ ಒಬ್ಬ ಕತ್ತಿ ಹಿಡಿದು ಪಾದ್ರಿಯನ್ನು ಅಟ್ಟಿಸಿಕೊಂಡು ಬಂದ. ಪಾದ್ರಿ ಓಡಿ ಪಾರಾದರು. ಪಿಯುಸಿಎಲ್ ಸಂಘಟನೆ ಆ ವರ್ಷದ ಜನವರಿಯಿಂದ ನವೆಂಬರ್‌ವರೆಗೆ ರಾಜ್ಯದಲ್ಲಿ ಕ್ರೈಸ್ತರ ಮೇಲೆ ನಡೆದ ಇಂಥ 39 ಘಟನೆಗಳನ್ನು ದಾಖಲಿಸಿತು.

ಮಸೂದೆ ಪಾಸಾಗಿ ಒಂದು ವಾರವೂ ಆಗಿರಲಿಲ್ಲ. ಡಿಸೆಂಬರ್ 29. ನಮ್ಮದೇ ಮೂಡಲಗಿ ತಾಲೂಕಿನ ತುಕ್ಕಾನಟ್ಟಿ. ಕೃಷಿ ವಿಜ್ಞಾನ ಕೇಂದ್ರ ಇರುವ ಊರು, ನಮ್ಮ ಭಾಗದ ರೈತರಿಗೆಲ್ಲ ಪರಿಚಿತ. ಅಲ್ಲಿ ಪ್ರಾರ್ಥನೆ ನಡೆಸಿದ್ದ ಒಂದು ದಲಿತ ಕುಟುಂಬದ ಮನೆಗೆ ಗುಂಪು ನುಗ್ಗಿತು. ಮತಾಂತರ ಮಾಡುತ್ತಿದ್ದೀರಿ ಎಂದು ಹೊಡೆಯಿತು. ಮಹಿಳೆಯೊಬ್ಬರ ಮೇಲೆ ಬಿಸಿ ಸಾರು ಎರಚಿ ಸುಟ್ಟ ಗಾಯ ಮಾಡಲಾಯಿತು ಎಂದು ಆಗ ವರದಿಯಾಯಿತು. ಐದು ಜನರಿಗೆ ಗಾಯ. ಘಟಪ್ರಭಾ ಠಾಣೆಯಲ್ಲಿ ಏಳು ಜನರ ಮೇಲೆ ದೂರು ದಾಖಲಾಯಿತು, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿಯೂ ಸೇರಿ.

ಒಲೆಯ ಮೇಲಿನ ಸಾರು. ಇದನ್ನು ಓದಿದಾಗ ನನಗೆ ಮಸೂದೆಯ ಕಲಮುಗಳಿಗಿಂತ ಹೆಚ್ಚು ಅರ್ಥವಾಯಿತು. ಉಣ್ಣಲು ಮಾಡಿದ್ದನ್ನೇ ಎತ್ತಿ ಮೈಮೇಲೆ ಎರಚಬೇಕಾದರೆ, ಆ ಮನೆಯ ಒಲೆಯೂ ಅನ್ನವೂ ಆ ಮನೆಯವರದ್ದಲ್ಲ, ನಮ್ಮ ಮರ್ಜಿಯದ್ದು ಎಂಬ ಗಟ್ಟಿ ನಂಬಿಕೆ ಬೇಕು.

"ಆಮಿಷ" ಎಂಬ ಮಾತು

ಚಹಾ ಅಂಗಡಿಯಲ್ಲಿ ಈ ವಿಷಯ ತೆಗೆದರೆ ಮೊದಲ ಉತ್ತರ ಸಿದ್ಧವಾಗಿರುತ್ತದೆ: "ಅವ್ರಿಗೆ ರೊಕ್ಕಾ ಕೊಡ್ತಾರ್ರಿ, ಅಕ್ಕಿ ಕೊಡ್ತಾರ, ಸಾಲಿ ಫೀ ತುಂಬ್ತಾರ, ಅದಕ್ಕ ಹೋಗ್ತಾರ."

ಸರಿ, ಲೆಕ್ಕ ಹಾಕೋಣ. 2001ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರ ಪ್ರಮಾಣ ಶೇ 1.91. 2011ರಲ್ಲಿ ಶೇ 1.87. ಹತ್ತು ವರ್ಷ ಬಲವಂತ, ಆಮಿಷ, ವಿದೇಶಿ ಹಣ ಎಲ್ಲ ಸುರಿದ ಮೇಲೆ ಪ್ರಮಾಣ ಇಳಿದಿದೆ. ಇಷ್ಟು ಕೆಟ್ಟದಾಗಿ ನಡೆಯುವ ಧಂದೆಯನ್ನು ನಮ್ಮ ಕಡೆಯ ಯಾವ ಅಡತ್ಯನೂ ಮುಂದುವರಿಸುವುದಿಲ್ಲ. ಇದಕ್ಕೆ ಸಿಗುವ ಉತ್ತರ, "ಅವ್ರು ಕಾಗದದಾಗ ಹಿಂದೂ ಅಂತನ ಬರಸ್ತಾರ." ಹೌದು, ಹಲವರು ಬರೆಸುತ್ತಾರೆ. ಯಾಕೆ? 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರನ್ನು ಬಿಟ್ಟು ಬೇರೆ ಧರ್ಮದವರು ಪರಿಶಿಷ್ಟ ಜಾತಿಯವರೆಂದು ಪರಿಗಣಿತರಾಗುವುದಿಲ್ಲ. ಅಂದರೆ ದಲಿತನೊಬ್ಬ ಕ್ರೈಸ್ತನೆಂದು ಬರೆಸಿದ ದಿನ ಮೀಸಲಾತಿ ಹೋಗುತ್ತದೆ. ಆದರೆ ಊರಿನ ಕಣ್ಣಿನಲ್ಲಿ ಅವನ ಜಾತಿ ಹೋಗುವುದಿಲ್ಲ. ಈಗ ಹೇಳಿ, ಕಳೆದುಕೊಳ್ಳುವುದು ಇಷ್ಟೆಲ್ಲ ಇದ್ದೂ ಹೋಗುವವನನ್ನು ಒಂದು ಚೀಲ ಅಕ್ಕಿಗೆ ಹೋದ ಎನ್ನುವುದು ಯಾವ ಗಣಿತ?

ಇನ್ನು ಕಾಯ್ದೆ "ಆಮಿಷ" ಎಂದು ಯಾವುದನ್ನು ಕರೆಯುತ್ತದೆ ನೋಡಿ. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ದೇವರ ಅವಕೃಪೆಯ ಮಾತು. ಉತ್ತಮ ಜೀವನದ ಭರವಸೆ ಅಪರಾಧವಾದರೆ ಪ್ರತಿ ಐದು ವರ್ಷಕ್ಕೊಮ್ಮೆ ನಮ್ಮ ಓಣಿಗೆ ಬಂದು ಕೈ ಮುಗಿಯುವವರೆಲ್ಲ ಎಲ್ಲಿರಬೇಕಿತ್ತು? ಮತದ ಹಿಂದಿನ ರಾತ್ರಿ ನಮ್ಮ ಮನೆ ಬಾಗಿಲಿಗೆ ಬರುವ ಕುಕ್ಕರು, ಸೀರೆ, ಲಕೋಟೆಗಳಿಗೆ ಏನು ಹೆಸರು? ಮತಕ್ಕೆ ರೊಕ್ಕ ಇಸಿದುಕೊಂಡವನು ಮತಾಂತರಕ್ಕೆ ರೊಕ್ಕ ಇಸಿದುಕೊಂಡನೆಂದು ಬಡವನ ಮೇಲೆ ಬೆರಳು ತೋರಿಸುವಾಗ ನಾಚಿಕೆ ಬರಬೇಕು. ನನಗೆ ಬರುತ್ತದೆ.

ಕಾಯ್ದೆ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರಿನಲ್ಲಿ ಪೂರ್ಣ ಕಾಯ್ದೆಯಾಗಿ ಬಂತು. ಧರ್ಮ ಬದಲಿಸುವವನು 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿ ತಕರಾರು ಕರೆಯುತ್ತಾರೆ. ಅಪರಾಧ ಮಾಡಿಲ್ಲ ಎಂದು ಸಾಬೀತು ಮಾಡುವ ಹೊಣೆ ಆರೋಪಿಯದ್ದು. ಮಹಿಳೆ, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ ಹತ್ತು ವರ್ಷದವರೆಗೆ ಜೈಲು. ಅಂದರೆ ಮಹಿಳೆಗೂ ದಲಿತನಿಗೂ ಚಿಕ್ಕ ಮಗುವಿಗೂ ಒಂದೇ ಅಳತೆಯ ಬುದ್ಧಿ ಎಂದು ಕಾಯ್ದೆ ತೀರ್ಮಾನಿಸಿದೆ. ಇಷ್ಟರ ಮೇಲೆ, ಹಿಂದಿನ ಧರ್ಮಕ್ಕೆ ವಾಪಸಾದರೆ ಅದು ಮತಾಂತರವೇ ಅಲ್ಲ ಎಂಬ ವಿನಾಯಿತಿ. ಹೋಗುವ ಬಾಗಿಲಿಗೆ ಕಾವಲು, ಬರುವ ಬಾಗಿಲಿಗೆ ತೋರಣ.

ಸರ್ಕಾರ ಬದಲಾಯಿತು. 2023ರ ಜೂನ್ 15ರಂದು ಸಂಪುಟ ಈ ಕಾಯ್ದೆ ರದ್ದು ಮಾಡಲು ತೀರ್ಮಾನಿಸಿತು. ನಮ್ಮ ಹುಡುಗರು ಸಂಭ್ರಮದ ಪೋಸ್ಟು ಹಾಕಿದರು. ಆದರೆ 2025ರಲ್ಲಿಯೂ ಪಕ್ಕದ ಜಮಖಂಡಿಯಲ್ಲಿ ಕರಪತ್ರ ಹಂಚಿದ ಮೂವರು ಮುಸ್ಲಿಮರ ಮೇಲೆ ಇದೇ ಕಾಯ್ದೆಯಡಿ ಪ್ರಕರಣ ದಾಖಲಾಗಿತ್ತು. ದೂರು ಕೊಟ್ಟವರು ಕಾಯ್ದೆ ಹೇಳುವ ದೂರುದಾರರ ಪಟ್ಟಿಯಲ್ಲೇ ಇಲ್ಲ, ಯಾರನ್ನೂ ಮತಾಂತರ ಮಾಡಿದ ಅಥವಾ ಮಾಡಲು ಯತ್ನಿಸಿದ ಆರೋಪವೂ ಇಲ್ಲ ಎಂದು ಜುಲೈನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಬೇಕಾಯಿತು. ಸಂಪುಟದ ತೀರ್ಮಾನ ಎಂಬ ಮಾತ್ರೆ ನುಂಗಿ ಎರಡು ವರ್ಷ ಕಳೆದರೂ ಜ್ವರ ಇಳಿದಿರಲಿಲ್ಲ. ಇದು ಹಿಂದಿನ ಸರ್ಕಾರದ ಪಾಪ ಮಾತ್ರವಲ್ಲ, ಈಗಿನವರ ಸೋಮಾರಿತನವೂ ಹೌದು.

"ಪರದೇಶದ ಧರ್ಮ"

ಎರಡನೇ ಉತ್ತರ ಇದು. ಹಾಗಾದರೆ ನಾನು ನನ್ನ ಪದವಿ ಸರ್ಟಿಫಿಕೇಟನ್ನೂ ಸುಡಬೇಕಾಗುತ್ತದೆ. ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುತ್ತೇವೆ. ಯಾಕೆ ಅವತ್ತು? 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಬಂತು. ಹೊರತಂದವನು ಹರ್ಮನ್ ಮೋಗ್ಲಿಂಗ್, ಬಾಸೆಲ್ ಮಿಷನ್ನಿನ ಪಾದ್ರಿ. ನಾವು ಶಬ್ದಾರ್ಥ ಹುಡುಕುವ ದೊಡ್ಡ ಕೋಶ 1894ರಲ್ಲಿ ಬಂತು. ಅದನ್ನು ಕಟ್ಟಿದವನು ಫರ್ಡಿನಂಡ್ ಕಿಟೆಲ್, ಅವನೂ ಪಾದ್ರಿ. ಬೆಳಗಾವಿಗೆ ಲಂಡನ್ ಮಿಷನ್ನಿನವರು ಬಂದದ್ದು 1820ರಲ್ಲಿ, ಧಾರವಾಡಕ್ಕೆ ಬಾಸೆಲ್ ಮಿಷನ್ ಬಂದದ್ದು 1837ರಲ್ಲಿ. ಬೆಳಗಾವಿಯ ಸಂತ ಪೌಲರ ಶಾಲೆ 1856ರದ್ದು. ಮಕ್ಕಳಿಗೆ ಅಂಥ ಶಾಲೆಗಳಲ್ಲಿ ಸೀಟು ಸಿಗಲೆಂದು ನಸುಕಿನಲ್ಲೇ ಸರದಿ ನಿಲ್ಲುವ ನಮ್ಮವರೇ ಸಂಜೆ "ಮಿಷನರಿಗಳ ಹುನ್ನಾರ"ದ ಬಗ್ಗೆ ಭಾಷಣ ಕೇಳಲು ಹೋಗುತ್ತಾರೆ.

ಈ ಪಾದ್ರಿಗಳು ಧರ್ಮಪ್ರಚಾರಕ್ಕೇ ಬಂದವರು, ನಮ್ಮ ಸಂಪ್ರದಾಯಗಳ ಬಗ್ಗೆ ಕೀಳಾಗಿ ಬರೆದದ್ದೂ ಉಂಟು. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಇನ್ನೂರು ವರ್ಷ ಈ ನೆಲದ ಅಕ್ಷರ ತಿದ್ದಿದ ಒಂದು ನಂಬಿಕೆಯನ್ನು ನಿನ್ನೆ ವಿಮಾನ ಇಳಿದು ಬಂತು ಎಂಬಂತೆ ಮಾತಾಡುವುದು ಸುಳ್ಳು.

ಮತ್ತೆ, ನಂಬಿಕೆ ಬದಲಿಸಿದ್ದಕ್ಕೆ ಪೆಟ್ಟು ತಿನ್ನುವುದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಬೀಗತನವಾಯಿತು. ಕುಲಗೆಡಿಸಿದರು ಎಂದು ಇಬ್ಬರಿಗೂ ಎಳೆಹೂಟೆ ಶಿಕ್ಷೆ. ಶರಣರು ವಚನದ ಕಟ್ಟು ಹೊತ್ತು ಉಳವಿಯ ಕಾಡಿನತ್ತ ಓಡಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಾದಿಯಲ್ಲೇ. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಇಂದಿಗೂ ಡೋಹರ ಕಕ್ಕಯ್ಯನ ಹೆಸರು ಹೇಳುತ್ತಾರೆ. ಅಂದು ಲಿಂಗ ಕಟ್ಟಿಸಿಕೊಂಡ ಸಮಗಾರ, ಡೋಹರ, ಮಾದಾರರಿಗೆ "ಯಾವ ಆಮಿಷಕ್ಕೆ ಹೋದಿರಿ?" ಎಂದು ಕೇಳುತ್ತೇವೆಯೇ? ಇಲ್ಲ. ಮನುಷ್ಯರಂತೆ ಕಾಣುವ ಜಾಗ ಸಿಕ್ಕಿತು, ಹೋದರು ಎನ್ನುತ್ತೇವೆ, ಹೆಮ್ಮೆಯಿಂದ ಎನ್ನುತ್ತೇವೆ. ಬಸವ ಜಯಂತಿಯ ಮೆರವಣಿಗೆಯಲ್ಲಿ ಹರಳಯ್ಯನ ಫೋಟೊ ಹೊತ್ತವನು, ಅದೇ ಕೈಯಲ್ಲಿ ಇಂದಿನ ಹರಳಯ್ಯನ ಬಾಗಿಲು ಬಡಿದರೆ ಅವನು ನಿಂತಿರುವುದು ಶರಣರ ಪಕ್ಕದಲ್ಲಲ್ಲ, ಬಿಜ್ಜಳನ ಆನೆಯ ಪಕ್ಕದಲ್ಲಿ.

ನಿಜವಾದ ತಕರಾರುಗಳೂ ಇವೆ

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ, ಇಲ್ಲವಾದರೆ ಇದು ಬರೀ ವಕೀಲಿಯಾಗುತ್ತದೆ. ಪ್ರಾರ್ಥನೆಯಿಂದ ಶುಗರ್ ಹೋಗುತ್ತದೆ, ಮಾತ್ರೆ ಬಿಡಿ ಎನ್ನುವವರಿದ್ದಾರೆ. ಕ್ಯಾನ್ಸರ್ ಗುಣವಾಯಿತು ಎಂದು ಮೈಕಿನಲ್ಲಿ ಕೂಗುವವರಿದ್ದಾರೆ. ಪಕ್ಕದ ಮನೆಯವರ ದೇವರನ್ನು ಸೈತಾನ ಎನ್ನುವವರೂ ಇದ್ದಾರೆ. ಇದು ತಪ್ಪು. ದೇವರ ಹೆಸರಿನಲ್ಲಿ ರೋಗಿಯ ಮಾತ್ರೆ ಬಿಡಿಸುವುದು ಅಪರಾಧವೇ, ಅದನ್ನು ಯಾವ ಧರ್ಮದವರು ಮಾಡಿದರೂ. ಇದಕ್ಕೆ ವಂಚನೆಯ ಕಲಮುಗಳಿವೆ, ಮಾಂತ್ರಿಕ ಚಿಕಿತ್ಸೆಯ ಜಾಹೀರಾತು ತಡೆಯುವ 1954ರ ಕಾಯ್ದೆ ಇದೆ, ನಮ್ಮ ರಾಜ್ಯದ್ದೇ 2017ರ ಮೌಢ್ಯ ನಿಷೇಧ ಕಾಯ್ದೆ ಇದೆ. ದೂರು ಕೊಡಿ, ಸಾಕ್ಷಿ ಹೇಳಿ, ನಾನೇ ವರದಿ ಮಾಡುತ್ತೇನೆ.

ಆದರೆ ಇದೇ ಅಳತೆಗೋಲು ನಮ್ಮ ಮನೆಗೂ ಹಿಡಿಯಬೇಕಾಗುತ್ತದೆ. ತಾಯತ ಕಟ್ಟುವವನ ಮನೆಗೆ, ಮೈಮೇಲೆ ಬರುವವರ ಕಟ್ಟೆಗೆ, ಟಿವಿಯಲ್ಲಿ ಹರಳು ಮಾರುವ ಜ್ಯೋತಿಷಿಯ ಮನೆಗೆ ಕೋಲು ಹಿಡಿದು ಯಾರೂ ಹೋಗುವುದಿಲ್ಲ. ಕೋಲು ತಗಡಿನ ಮನೆಯ ವಿಳಾಸವನ್ನಷ್ಟೇ ಬಲ್ಲದು. ಆದ್ದರಿಂದ ಗುಂಪಿನ ಸಿಟ್ಟಿನ ಕಾರಣ ಮೌಢ್ಯ ಅಲ್ಲ. ನಿನ್ನೆಯವರೆಗೆ ಕೈಕಟ್ಟಿ ನಿಲ್ಲುತ್ತಿದ್ದವನು ಇವತ್ತು ಕೈಯಲ್ಲಿ ಪುಸ್ತಕ ಹಿಡಿದು ಕುರ್ಚಿಯಲ್ಲಿ ಕೂತಿದ್ದಾನೆ, ಅದು ತಡೆಯಲಾಗುತ್ತಿಲ್ಲ. 1935ರಲ್ಲಿ ಯೇವಲಾದಲ್ಲಿ ಅಂಬೇಡ್ಕರರು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದಾಗಲೂ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದಾಗಲೂ ಉಕ್ಕಿದ ಸಿಟ್ಟು ಇದೇ ಜಾತಿಯದ್ದು. ಊರಿನ ಬಾವಿ, ಗುಡಿ, ಹೋಟೆಲ್ಲಿನ ಲೋಟ ಯಾವುದೂ ಅವನದ್ದಲ್ಲ, ಆದರೆ ಅವನು ಮಾತ್ರ ನಮ್ಮವನು! ಇದೆಂಥ ನಂಟು?

ಹಾಗಾದರೆ ನಿರೀಕ್ಷೆ ಎಲ್ಲಿದೆ?

ಕನ್ನಡದ ಕ್ರೈಸ್ತರು ಬಳಸುವ ಒಂದು ಪದ ನನಗೆ ಬಹಳ ಹಿಡಿಸಿದೆ. ನಾವು "ಭರವಸೆ" ಎನ್ನುವಲ್ಲಿ ಅವರು "ನಿರೀಕ್ಷೆ" ಎನ್ನುತ್ತಾರೆ. ಭರವಸೆಯನ್ನು ಕೊಡುವವರು ಬೇರೆ ಇರುತ್ತಾರೆ, ನಮ್ಮ ಕಡೆ ಸಾಮಾನ್ಯವಾಗಿ ಶಾಸಕರು. ನಿರೀಕ್ಷೆ ಇರುವವನು ತಾನೇ ಕಾಯುತ್ತಿರುತ್ತಾನೆ, ದಾರಿ ನೋಡುತ್ತಿರುತ್ತಾನೆ. ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ ಸಂಕಟ, ತಾಳ್ಮೆ, ನಿರೀಕ್ಷೆಗಳನ್ನು ಒಂದೇ ಸರಪಳಿಯ ಕೊಂಡಿಗಳಂತೆ ಜೋಡಿಸುತ್ತಾನೆ ಎಂದು ಆಯಿಯ ಮೊಮ್ಮಗ ಪುಟ ತೆಗೆದು ತೋರಿಸಿದ.

ಆದರೆ ಇದೇ ಮಾತನ್ನು ಇಬ್ಬರು ತಮಗೆ ಬೇಕಾದಂತೆ ತಿರುಚುತ್ತಾರೆ. ಒಬ್ಬರು ನಮ್ಮ "ಪಾಪ" ಎನ್ನುವ ಒಳ್ಳೆಯ ಜನ: "ಅವರ ಧರ್ಮದಾಗನ ಐತ್ರಿ, ಒಂದ್ ಕೆನ್ನಿಗೆ ಹೊಡದ್ರ ಇನ್ನೊಂದ್ ಕೆನ್ನಿ ತೋರ್ಸೂದು." ಎಂದರೆ ಅವರ ಕ್ಷಮೆ ನಮ್ಮ ಹೇಡಿತನಕ್ಕೆ ರಜೆ ಚೀಟಿ. ಇನ್ನೊಬ್ಬರು ಕ್ರೈಸ್ತರೊಳಗಿನ ಕೆಲವು ಹಿರಿಯರು: "ಹಿಂಸೆ ಬಂದರೆ ಧನ್ಯರು, ಸುಮ್ಮನಿರಿ, ದೂರು ಕೊಟ್ಟು ಊರು ಎದುರು ಹಾಕಿಕೊಳ್ಳಬೇಡಿ." ಇಬ್ಬರಿಗೂ ಪೌಲನ ಕಥೆಯನ್ನೇ ಹೇಳುತ್ತೇನೆ, ಅದು ಅವರದೇ ಪುಸ್ತಕದಲ್ಲಿದೆ.

ಫಿಲಿಪ್ಪಿ ಎಂಬ ಪಟ್ಟಣ. ಪೌಲ ಮತ್ತು ಸೀಲ ಎಂಬಿಬ್ಬರನ್ನು ಜನ ಎಳೆತಂದರು. ಆರೋಪ ಏನು? ಇವರು ನಮ್ಮ ಸಂಪ್ರದಾಯ ಕೆಡಿಸುತ್ತಿದ್ದಾರೆ, ಹೊರಗಿನವರು. ಕೇಳಿದಂತಿದೆ ಅಲ್ಲವೇ? ಅಧಿಕಾರಿಗಳು ವಿಚಾರಣೆಯೇ ಇಲ್ಲದೆ ಬಟ್ಟೆ ಹರಿದು ಕೋಲಿನಿಂದ ಹೊಡೆಸಿ ಜೈಲಿಗೆ ಹಾಕಿದರು. ನಡುರಾತ್ರಿ ಅವರಿಬ್ಬರೂ ಹಾಡುತ್ತಿದ್ದರು, ಉಳಿದ ಕೈದಿಗಳು ಕೇಳುತ್ತಿದ್ದರು. ಇಷ್ಟನ್ನು ಎಲ್ಲ ಪ್ರಸಂಗದಲ್ಲೂ ಹೇಳುತ್ತಾರೆ. ಮರುದಿನ ಬೆಳಿಗ್ಗೆ ನಡೆದದ್ದನ್ನು ಹೇಳುವವರು ಕಡಿಮೆ. ಅಧಿಕಾರಿಗಳು ಹೇಳಿ ಕಳಿಸಿದರು, ಅವರನ್ನು ಬಿಟ್ಟುಬಿಡಿ, ಸುಮ್ಮನೆ ಹೋಗಲಿ. ಪೌಲ ಹೋಗಲಿಲ್ಲ. ನಾವು ರೋಮಿನ ಪ್ರಜೆಗಳು, ವಿಚಾರಣೆ ಇಲ್ಲದೆ ಎಲ್ಲರೆದುರು ಹೊಡೆದಿರಿ, ಈಗ ಗುಟ್ಟಾಗಿ ಕಳಿಸುತ್ತೀರಾ, ನೀವೇ ಬಂದು ಕರೆದುಕೊಂಡು ಹೋಗಿ ಎಂದು ಪಟ್ಟು ಹಿಡಿದ. ಅಧಿಕಾರಿಗಳು ಹೆದರಿ ಬಂದು ಬೇಡಿಕೊಂಡರು.

ರಾತ್ರಿ ಹಾಡಿದವನೇ ಬೆಳಿಗ್ಗೆ ಪೌರತ್ವದ ಹಕ್ಕು ಕೇಳಿದ. ಎರಡೂ ಒಂದೇ ನಂಬಿಕೆಯಿಂದ ಬಂದವು. ಹೊಡೆದವನ ಮೇಲೆ ದ್ವೇಷ ಇಟ್ಟುಕೊಳ್ಳದಿರುವುದು ಒಂದು, ಹೊಡೆತ ಲೆಕ್ಕಕ್ಕೇ ಇಲ್ಲದಂತೆ ಮಾಡುವುದು ಇನ್ನೊಂದು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಕುಷ್ಠರೋಗಿಗಳ ಸೇವೆಯ ಕೆಲಸ ಬಿಟ್ಟು ತಕ್ಷಣ ಓಡಿಹೋಗಲಿಲ್ಲ. ಆದರೆ ಆ ಕ್ಷಮೆಯಿಂದ ಪ್ರಕರಣ ಮುಚ್ಚಲಿಲ್ಲ, ಅಪರಾಧಿಗೆ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಷಮೆ ಅವರ ಕೆಲಸ. ನ್ಯಾಯ ನಮ್ಮೆಲ್ಲರ ಕೆಲಸ. ಅವರು ತಮ್ಮ ಪಾಲಿನದ್ದನ್ನು ಮಾಡಿದ್ದಾರೆ ಎಂದು ನಮ್ಮ ಪಾಲು ಮನ್ನಾ ಆಗುವುದಿಲ್ಲ.

ತುಕ್ಕಾನಟ್ಟಿಯ ಆ ಕುಟುಂಬ ಘಟಪ್ರಭಾ ಠಾಣೆಯ ಮೆಟ್ಟಿಲು ಹತ್ತಿ ದೂರು ಬರೆಸಿತಲ್ಲ, ನನ್ನ ಮಟ್ಟಿಗೆ ಆ ದಿನದ ದೊಡ್ಡ ಪ್ರಾರ್ಥನೆ ಅದೇ. ಹೊಡೆದವರ ಊರಿನಲ್ಲೇ ನಾಳೆ ಹಾಲು ತರಬೇಕು, ಕೂಲಿಗೆ ಹೋಗಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು. ಅಷ್ಟಾದರೂ ಸಹಿ ಹಾಕಬೇಕಾದರೆ, ಈ ದೇಶದ ಕಾಯ್ದೆಯ ಮೇಲೆ, ಈ ಊರಿನ ಮೇಲೆ ನಮಗಿಂತ ಹೆಚ್ಚು ನಿರೀಕ್ಷೆ ಅವರಿಗಿರಬೇಕು.

ಇನ್ನು ನಾವೇನು ಮಾಡಬೇಕು

ಪತ್ರಿಕೆಯ ಗೆಳೆಯರಿಗೆ: ಸಾಬೀತಾಗದ ಮತಾಂತರವನ್ನು ಶೀರ್ಷಿಕೆ ಮಾಡಬೇಡಿ. ಹೊಡೆದದ್ದನ್ನು ಹೊಡೆದದ್ದು ಎಂದೇ ಬರೆಯಿರಿ. ಎಂಟು ಜನರನ್ನು "ಗ್ರಾಮಸ್ಥರು" ಮಾಡಬೇಡಿ. ಪೆಟ್ಟು ತಿಂದವರ ಮಾತನ್ನು ಮೊದಲ ಪ್ಯಾರಾದಲ್ಲಿ ಹಾಕಿ. ಆದರೆ ಅವರ ಮನೆಯ ಗುರುತು ಬೇಡ, ನಾಳೆ ಅದೇ ಮತ್ತೊಂದು ಗುಂಪಿಗೆ ನಕ್ಷೆಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಆರು ತಿಂಗಳ ನಂತರ ಠಾಣೆಗೆ ಹೋಗಿ ಪ್ರಕರಣ ಏನಾಯಿತು ಎಂದು ಕೇಳಿ. ನಮ್ಮಲ್ಲಿ ಗಲಾಟೆಗೆ ವರದಿಗಾರರಿದ್ದಾರೆ, ಆರೋಪಪಟ್ಟಿಗೆ ಇಲ್ಲ.

ಸರ್ಕಾರಕ್ಕೆ: ಸಂಪುಟದ ತೀರ್ಮಾನವನ್ನು ಸದನಕ್ಕೆ ತನ್ನಿ. ಬೆಳಗಾವಿಯಲ್ಲಿ ಪಾಸು ಮಾಡಿದ್ದನ್ನು ಬೆಳಗಾವಿಯಲ್ಲೇ ಹಿಂಪಡೆದರೆ ಚೆನ್ನ.

ಕ್ರೈಸ್ತ ಹಿರಿಯರಿಗೆ: ಪಟ್ಟಣದ ದೊಡ್ಡ ಚರ್ಚುಗಳು ಹಳ್ಳಿಯ ತಗಡಿನ ಮನೆಯ ಪ್ರಾರ್ಥನೆಯನ್ನು "ಅವರು ನಮ್ಮ ಸಭೆಯವರಲ್ಲ" ಎಂದು ಕೈತೊಳೆದುಕೊಳ್ಳುವುದನ್ನು ನಿಲ್ಲಿಸಲಿ. ಗುಂಪು ನುಗ್ಗುವಾಗ ಯಾವ ಸಭೆ ಎಂದು ಕೇಳುವುದಿಲ್ಲ. ದೂರು ಬರೆಯಲು ಒಬ್ಬ ವಕೀಲರನ್ನು ಕಳಿಸುವುದೂ ಧರ್ಮಕಾರ್ಯವೇ.

ನನ್ನ ಊರಿನವರಿಗೆ: ನಾವು ಬಹುಸಂಖ್ಯಾತರು. ನಮಗೆ ಭಯಪಡಲು ಕಾರಣವಿಲ್ಲ, ಹಾಗಾಗಿ ಸುಮ್ಮನಿರಲೂ ನೆಪವಿಲ್ಲ. 2019ರಲ್ಲಿ ನೀರು ನುಗ್ಗಿದ ರಾತ್ರಿ ಯಾರ ಮನೆಯ ಮಾಳಿಗೆ ಹತ್ತಿದೆವು, ಯಾರ ಕೈಯಿಂದ ರೊಟ್ಟಿ ತಿಂದೆವು ಎಂದು ಜಾತಿ ಕೇಳಿರಲಿಲ್ಲ. ಆಗ ನೆರೆಯವನು ಎಂದರೆ ನೆರೆಯವನು ಅಷ್ಟೇ. ನೀರು ಇಳಿದ ಮೇಲೂ ಅಷ್ಟನ್ನು ಉಳಿಸಿಕೊಳ್ಳಲು ಯಾವ ದೇವರ ಅಪ್ಪಣೆಯೂ ಬೇಕಿಲ್ಲ. ಗುಂಪು ಓಣಿಗೆ ಬಂದಾಗ ಒಬ್ಬರು, ಒಬ್ಬರೇ ಒಬ್ಬರು, ಬಾಗಿಲ ಮುಂದೆ ಬಂದು "ಯಾಕ್ರೆಪಾ, ಏನ್ ಬೇಕಾಗಿತ್ತು?" ಎಂದು ಗಟ್ಟಿಯಾಗಿ ಕೇಳಿದರೆ ಸಾಕು. ಅರ್ಧ ಗುಂಪು ಅಲ್ಲೇ ಕರಗುತ್ತದೆ. ಅವರು ಬರುವುದು ಯಾರೂ ಕೇಳುವುದಿಲ್ಲ ಎಂಬ ನಿರೀಕ್ಷೆಯಿಂದ.

ಈ ಬರಹ ಹಾಕುವ ಮೊದಲು ಆಯಿಗೆ ಓದಿ ತೋರಿಸಿದೆ. ಪೂರ್ತಿ ಕೇಳಿ, "ಚೊಲೋ ಬರದಿ, ಖರೆ ನನ್ನ ಊರ ಹೆಸರ ಹಾಕಬ್ಯಾಡೋ ಯಪ್ಪಾ" ಎಂದಳು. ಹಾಕಿಲ್ಲ. ಅವಳಿಗೆ ದೇವರ ಮೇಲೆ ನಿರೀಕ್ಷೆ ಇದೆ, ನಮ್ಮ ಮೇಲೆ ಇನ್ನೂ ಬಂದಿಲ್ಲ. ಮುಂದಿನ ಭಾನುವಾರ ಬಾಗಿಲ ಬಳಿ ಕೂರುವ ಆ ಹುಡುಗ ಒಳಗೆ ಹೋಗಿ ಹಾಡಲಿ. ಓಣಿ ನೋಡುವ ಕೆಲಸಕ್ಕೆ ನಾನು ಕೂರುತ್ತೇನೆ. ನೀವೂ ನಿಮ್ಮೂರಿನಲ್ಲಿ ಒಂದು ಬಾಗಿಲು ಹುಡುಕಿಕೊಳ್ಳಿ.